ನೂರಕ್ಕೆ ಮೂವತ್ತೊಂದು ಪಾಲು ದ್ವೀಪ

ಅಂಗಡಿಯ ಮೇಲಿನ ಮನೆ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ದೋಣಿಯಲ್ಲಿ ಮುಂದುಗಡೆ ಕೂರಬೇಡಿ, ಗಾಳಿ ಎದೆಗೆ ಹೊಡೆಯುತ್ತದೆ ಎಂದು ಹೊರಡುವಾಗಲೇ ಬಡಕೊಂಡಿದ್ದೆ. ನನ್ನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ನಿಮಗೆ ಮಾಮೂಲು. ಬ್ಯಾಗಿನ ಪಕ್ಕದ ಜೇಬಿನಲ್ಲಿ ಔಷಧಿ ಇಟ್ಟಿದ್ದೆನಲ್ಲ, ಅದನ್ನಾದರೂ ಚಮಚಕ್ಕೆ ಹಾಕಿಕೊಂಡು ಕುಡಿಯಿರಿ. ಇಲ್ಲಿ ಮಾಡುವ ಹಾಗೆ ಸೀಸೆಗೇ ಬಾಯಿ ಹಚ್ಚಿ ಗಟಗಟ ಇಳಿಸಬೇಡಿ, ಬೇರೆಯವರ ಮನೆಯಲ್ಲಿದ್ದೀರಿ, ನೋಡಿದವರು ಏನಂದುಕೊಂಡಾರು! ನಾವು ಮೂವರೂ ಚೆನ್ನಾಗಿದ್ದೇವೆ. ಮಗನಿಗೆ ಮುಂದಿನ ಹಲ್ಲು ಬಿದ್ದು, ಮಾತಾಡಿದರೆ ಸೀಟಿ ಹೊಡೆದ ಹಾಗೆ ಕೇಳುತ್ತದೆ. ಅಂಗಡಿಗೆ ರಿಪೇರಿಗೆ ಬಂದ ಹಲ್ಲಿನ ಡಾಕ್ಟರ ಕುರ್ಚಿಗಳಿಗೆ ಪಟ್ಟಿ ಬಿಗಿಯಲು ಮಗಳು ಕೈಜೋಡಿಸಿದಳು. ನಿಮ್ಮಷ್ಟು ಬಿಗಿ ಬರಲಿಲ್ಲ, ಆದರೂ ಕೂತವರು ಕುಸಿದು ಬೀಳುವುದಿಲ್ಲ ಅನ್ನುವಷ್ಟು ಬಂದಿದೆ. ಡಾಕ್ಟರು ಫೋನಿನ ಮೇಲೆ ಫೋನ್ ಮಾಡಿ, "ಏನಮ್ಮ, ರೋಗಿಗಳನ್ನ ನಿಲ್ಲಿಸ್ಕೊಂಡೇ ಹಲ್ಲು ಕೀಳ್ಲಾ?" ಅನ್ನುತ್ತಾರೆ. ಶುಕ್ರವಾರ ತಲುಪಿಸುತ್ತೇನೆ ಎಂದು ಹೇಳಿ ಬಾಯಿ ಮುಚ್ಚಿಸಿದ್ದೇನೆ.

ಮುಂದೆ ಓದುವ ಮೊದಲು ಒಂದು ಮಾತು. ಊಟವಾದ ಮೇಲೆ ನನ್ನ ಪತ್ರಗಳನ್ನು ಆ ಮನೆಯ ಹಿರಿಯಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತೀರಿ, ಅವರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ ಎಂದು ಬರೆದಿದ್ದಿರಿ. ಇದನ್ನು ದಯವಿಟ್ಟು ಓದಬೇಡಿ. ಒಬ್ಬರೇ ಎಲ್ಲಾದರೂ ಕೂತು ಮನಸ್ಸಿನಲ್ಲೇ ಓದಿಕೊಳ್ಳಿ. ಅವರಿಗೆಂದೇ ಬೇರೆ ಚೀಟಿ ಇಡುತ್ತಿದ್ದೇನೆ, ಅದನ್ನು ಓದಿ ಹೇಳಿ. ಆ ಚೀಟಿಯಲ್ಲಿ ಕ್ಷೇಮಸಮಾಚಾರವೆಲ್ಲ ಬರೆದಾಯಿತು, ಆದರೆ ಮೇಲಿನ ಸಾಲು ಮಾತ್ರ ಇನ್ನೂ ಖಾಲಿ ಇದೆ. ಅವರನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಾಗುತ್ತಿಲ್ಲ. ನಿಮ್ಮ ಅಪ್ಪನ ಅಕ್ಕ ಹೌದಾದರೆ ನಿಮಗೆ ಸೋದರತ್ತೆ, ನನಗೂ ಅತ್ತೆಯೇ. ಅಲ್ಲವಾದರೆ ನೀವು ಬಾಡಿಗೆಗೆ ಇಳಿದ ಮನೆಯ ಯಜಮಾನಿ. ಹೋದ ವಾರದವರೆಗೆ ಈ ತೊಡಕು ನನಗಿರಲಿಲ್ಲ. ಈಗ ಯಾಕೆ ಬಂತು ಅನ್ನುವುದನ್ನೇ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀವು ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಮಾಡುವ ಫೋನು, ಅದರಲ್ಲೂ ನೀವೇ ಮಾತಾಡುತ್ತೀರಿ, ನಾನು "ಹೂಂ" ಅನ್ನುವಷ್ಟರಲ್ಲಿ ಕಟ್ಟಾಗುತ್ತದೆ.

ಇದೆಲ್ಲ ಶುರುವಾಗಿದ್ದು ನನ್ನ ತಮ್ಮನಿಂದ, ಅವನಿಗೆ ಬೇರೆ ಕೆಲಸವಿಲ್ಲ. ನಿಮ್ಮ ಹುಟ್ಟಿದ ದಿನಕ್ಕೆ ಎಲ್ಲರೂ ಅಂಗಿ ತಂದರೆ ಅವನು ತಂದದ್ದು ಉಗುಳು ತುಂಬಿಸುವ ಆ ಡಬ್ಬಿ. ಒಂದು ಕೊಂಡರೆ ಇನ್ನೊಂದಕ್ಕೆ ಅರ್ಧ ಬೆಲೆಯಂತೆ, ಹಾಗಾಗಿ ತನಗೂ ಒಂದು. "ಭಾವಾ, ಇದರಲ್ಲಿ ಉಗಿದು ಕಂಪನಿಗೆ ಕಳಿಸಿದರೆ ನಿಮ್ಮ ತಾತ ಮುತ್ತಾತ ಎಲ್ಲಿಯವರು ಅಂತ ಹೇಳಿಬಿಡ್ತಾರೆ" ಎಂದ. ಹುಟ್ಟಿದ ದಿನ ಅಂತ ನಾವು ಆಚರಿಸುವುದೂ ನಿಮ್ಮ ಹುಟ್ಟಿದ ದಿನವಲ್ಲ, ನೀವು ಬೆಳೆದ ಅನಾಥಾಲಯ ಶುರುವಾದ ದಿನ, ಅಲ್ಲಿ ಬೆಳೆದ ಮಕ್ಕಳಿಗೆಲ್ಲ ಅದೇ ತಾರೀಖು ಹಚ್ಚಿದ್ದರು ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ. ನಾನು ಅವನನ್ನು ಕಣ್ಣಲ್ಲೇ ಗದರಿಸಿದೆ. ನೀವು ಮಾತ್ರ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಅದರ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಓದಿ, ಉಪಕರಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಿ. ಆಗಲೇ ನನಗೆ ಗೊತ್ತಾಯಿತು, ಇದು ಇಷ್ಟಕ್ಕೆ ನಿಲ್ಲುವುದಿಲ್ಲ ಎಂದು.

ನಿಮಗೆ ನೆನಪಿದೆಯೋ ಇಲ್ಲವೋ, ಮದುವೆಯಾದ ಹೊಸದರಲ್ಲಿ ನಮ್ಮಮ್ಮನನ್ನು "ಅತ್ತೆ" ಅನ್ನಿ ಎಂದು ನಾನು ಹೇಳಿದ್ದಕ್ಕೆ ನೀವು ಕೆಂಪಗಾಗಿಬಿಟ್ಟಿದ್ದಿರಿ. ಅನಾಥಾಲಯದಲ್ಲಿ ಅಡುಗೆ ಮಾಡುವವರು ಅಡುಗೆ ಅಮ್ಮ, ಬಟ್ಟೆ ಒಗೆಯುವವರು ಬಟ್ಟೆ ಅಮ್ಮ, ಬಾಗಿಲು ಕಾಯುವವರು ಗೇಟ್ ಅಮ್ಮ. ನಿಮಗೆ ಅಮ್ಮ ಅಂದರೆ ಒಂದು ಕೆಲಸದ ಹೆಸರು. ಕೆಲಸ ಬಿಟ್ಟರೆ ಇನ್ನೊಬ್ಬರು ಬರುತ್ತಿದ್ದರು. ನನ್ನ ಗೆಳತಿಯರೋ, ಅತ್ತೆಯ ಕಾಟವೇ ಇಲ್ಲದ ಮನೆ ಸಿಕ್ಕಿತು ಎಂದು ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡರು. ನಾನೂ ಜಂಬಪಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಕಡೆಯವರು ಒಂದೆಡೆ ಸೇರಿದಾಗಲೆಲ್ಲ ನೀವು ಯಾರ ಮನೆಯಾದರೂ ಸರಿ, ಅಲ್ಲಿನ ಸೋಫಾದ ಕೆಳಗೆ ಕೈಹಾಕಿ ಸ್ಪ್ರಿಂಗು ನೋಡುತ್ತಾ ಕೂರುತ್ತಿದ್ದಿರಿ. ಯಾರೂ ಮಾತಿಗೆ ಕರೆಯದಿರಲಿ ಎಂದು ಹಾಗೆ ಮಾಡುತ್ತಿದ್ದಿರಿ ಅನ್ನುವುದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಹಾಗಾಗಿ ಆ ಫಲಿತಾಂಶ ಬಂದ ದಿನ ನೀವು ಕುಣಿದದ್ದು ನೋಡಿ ನಾನು ನಗಲಿಲ್ಲ. ನೂರಕ್ಕೆ ಮೂವತ್ತೊಂದು ಪಾಲು ಉತ್ತರದ ದ್ವೀಪಗಳು! ಬಣ್ಣ ಬಳಿದ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಗಡಿಯ ಗೋಡೆಗೆ ಅಂಟಿಸಿದಿರಿ. ಸೋಫಾ ರಿಪೇರಿಗೆ ಬಂದವರಿಗೆಲ್ಲ ಬೆರಳಿಟ್ಟು ತೋರಿಸಿದಿರಿ. ನೀರು ಕಂಡರೆ ಮೈಲಿ ದೂರ ಹೋಗುತ್ತಿದ್ದವರು, "ನನ್ನ ರಕ್ತದಲ್ಲೇ ಸಮುದ್ರ ಇದೆ ಕಣೇ" ಎಂದು ಈಜು ಕಲಿಯಲು ಹೋಗಿ ನೆಗಡಿ ತಂದುಕೊಂಡಿರಿ. ಮಗ ಎರಡೂ ಕೈ ಚಾಚಿ, "ಅಪ್ಪಾ, ನನ್ನ ಯಾವ ಕೈ ದ್ವೀಪದ್ದು?" ಎಂದು ಕೇಳಿದ. ಮನೆಯಲ್ಲಿ ಅಂಥ ಸಂಭ್ರಮ ನಾನು ನೋಡಿರಲಿಲ್ಲ.

ಆಮೇಲೆ ಒಂದು ವಾರ ನೋಡಿಕೊಂಡು ಬರುತ್ತೇನೆ ಎಂದು ಹೋದವರು ಅಲ್ಲೇ ಬೇರುಬಿಟ್ಟಿರಿ. ಬಾಡಿಗೆ ಕೋಣೆ ಕೊಟ್ಟ ಹಿರಿಯಮ್ಮ ದೀಪದ ಹತ್ತಿರ ನಿಲ್ಲಿಸಿ, "ತಲೆ ತಿರುಗಿಸು, ಇನ್ನೂ ತಿರುಗಿಸು" ಎಂದು ನಿಮ್ಮ ಕಿವಿ ನೋಡಿದರಂತೆ. "ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡ ಹಾಗಿದೆ, ನನ್ನ ತಮ್ಮನದೂ ಹೀಗೇ ಇತ್ತು" ಎಂದರಂತೆ. ಆ ತಮ್ಮ ಹಡಗಿನ ಕೆಲಸಕ್ಕೆಂದು ನಮ್ಮ ಊರಿನ ಬಂದರಿಗೆ ಬಂದವನು ತಿರುಗಿ ಹೋಗಲೇ ಇಲ್ಲವಂತೆ, ಅದೂ ನೀವು ಹುಟ್ಟುವುದಕ್ಕೆ ಸ್ವಲ್ಪ ಮುಂಚೆಯೇ. ನೀವು ಬರೆದ ಆ ಪತ್ರ ಓದಿ ನಾನೂ ಅತ್ತೆ ರೀ. ಅಂದಿನಿಂದ ನೀವು ಅವರನ್ನು ಅತ್ತೆ ಅನ್ನುತ್ತೀರಿ, ಅವರು ನಿಮ್ಮನ್ನು ಹುಡುಗ ಅನ್ನುತ್ತಾರೆ. ಅವರ ಮನೆಯ ಕುರ್ಚಿಗಳನ್ನೆಲ್ಲ ಬಿಚ್ಚಿ ಹೊಸ ನಾರು ತುಂಬಿದ್ದೀರಿ. ಕೊನೆಯ ಪತ್ರದಲ್ಲಿ, "ಅಂಗಡಿ ಖಾಲಿ ಮಾಡು, ಮಕ್ಕಳನ್ನ ಕರ್ಕೊಂಡು ಬಾ, ಹಿಂದಿನ ಕೋಣೆ ಕೆಲಸಕ್ಕೆ ಬಿಟ್ಟುಕೊಡ್ತಾರೆ, ನನ್ನವರ ನಡುವೆ ಇದ್ದುಬಿಡೋಣ" ಎಂದು ಬರೆದಿರಿ. ನನ್ನವರು ಅನ್ನುವ ಮಾತನ್ನು ನಿಮ್ಮ ಕೈಬರಹದಲ್ಲಿ ನೋಡಿದ್ದು ಅದೇ ಮೊದಲು. ಬರುವುದಿಲ್ಲ ಎಂದು ಬರೆಯಲು ನನಗೆ ಕೈ ಬರಲಿಲ್ಲ, ಬರುತ್ತೇನೆ ಎನ್ನಲು ಮನಸ್ಸು ಬರಲಿಲ್ಲ. ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕುತ್ತಾ ದಿನ ದೂಡಿದೆ.

ಹೀಗಿರುವಾಗ ಹೋದ ವಾರ ಆ ಕಂಪನಿಯವರಿಂದ ನನ್ನ ಫೋನಿಗೆ ಮಿಂಚಂಚೆ ಬಂತು. ನಿಮಗೆ ಅದೆಲ್ಲ ಬರುವುದಿಲ್ಲವೆಂದು ನನ್ನ ವಿಳಾಸವನ್ನೇ ಕೊಟ್ಟಿದ್ದೆವಲ್ಲ. "ಶುಭ ಸುದ್ದಿ! ನಿಮ್ಮ ಮೂಲದ ವಿವರ ಇನ್ನಷ್ಟು ನಿಖರವಾಗಿದೆ" ಎಂದಿತ್ತು. ತೆರೆದು ನೋಡಿದರೆ, ರೀ, ದ್ವೀಪಗಳು ಮೂರಕ್ಕೆ ಇಳಿದಿವೆ. ನೂರಕ್ಕೆ ಮೂರು. ಉಳಿದದ್ದೆಲ್ಲ ಎದುರು ದಡದ ಬಯಲು ಪ್ರದೇಶ ಎಂದು ಬಂದಿದೆ. ಆ ಬಯಲು ಹಳೆಯ ನಕ್ಷೆಯಲ್ಲಿ ಇರಲೇ ಇಲ್ಲ. ಮೊದಲು ಬೇರೆ ಯಾರದೋ ಬಂದಿದೆ ಅಂದುಕೊಂಡೆ. ಹೆಸರು ನೋಡಿದೆ, ನಿಮ್ಮದೇ. ನಿಜ ಹೇಳುತ್ತೇನೆ, ಮೊದಲ ಕ್ಷಣ ನನಗೆ ಹಗುರವೆನಿಸಿತು. ಸದ್ಯ, ಅಂಗಡಿ ಮುಚ್ಚಬೇಕಾಗಿಲ್ಲ ಅನಿಸಿತು. ಮರುಕ್ಷಣವೇ ಅತ್ತೆ ಎಂದು ಕರೆಯುವ ನಿಮ್ಮ ಮುಖ ಕಣ್ಣಿಗೆ ಕಟ್ಟಿ, ಥೂ, ಎಂಥವಳು ನಾನು ಎಂದು ಅಳು ಬಂತು. ಮಗಳು ಬೆನ್ನ ಹಿಂದೆಯೇ ನಿಂತು ಓದಿಕೊಂಡಳು. ಹಳೆಯದರಲ್ಲಿ ತಾನು ಹದಿನೈದೂವರೆ ಪಾಲು ದ್ವೀಪದವಳು ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದವಳು, "ಅಮ್ಮಾ, ಹಂಗಾದ್ರೆ ನಾನೀಗ ಒಂದೂವರೇನಾ?" ಎಂದಳು. ಹೋಗಿ ಹೋಂವರ್ಕ್ ಮಾಡು ಅಂದೆ. ತಮ್ಮನಿಗೆ ಫೋನ್ ಮಾಡಿದರೆ ಅವನದೂ ಬದಲಾಗಿದೆಯಂತೆ. ಮರುಭೂಮಿಯ ಕಡೆಯವನು ಎಂದು ಮೀಸೆ ತಿರುವುತ್ತಿದ್ದವನು ಈಗ ಬೆಟ್ಟದ ಕಡೆಯವನಂತೆ. "ಬಿಡಕ್ಕಾ, ಬೆಟ್ಟಾನೂ ಚೆನ್ನಾಗಿರುತ್ತೆ" ಎಂದು ನಕ್ಕ. ಅವನಿಗೇನು, ಅವನಿಗೆ ಅಪ್ಪ ಅಮ್ಮ ಇದ್ದಾರೆ.

ಕಂಪನಿಯ ಸಹಾಯವಾಣಿಗೂ ಮಾಡಿದೆ. ಹಾಡು ಕೇಳಿಸಿ ಕೇಳಿಸಿ ತಲೆಚಿಟ್ಟು ಹಿಡಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಪಾಪ, ಒಳ್ಳೆಯವಳೇ. "ಮೇಡಂ, ಇದು ಅಂದಾಜು ಮಾತ್ರ. ಈಗ ಬೇರೆ ಬೇರೆ ಕಡೆಯ ಇನ್ನೂ ಹೆಚ್ಚು ಜನರ ಮಾದರಿ ನಮ್ಮ ಹತ್ರ ಸೇರಿದೆ, ಹಾಗಾಗಿ ಹೋಲಿಕೆ ಸುಧಾರಿಸಿದೆ" ಎಂದಳು. ಅಲ್ಲಮ್ಮಾ, ನನ್ನ ಗಂಡ ನಿಮ್ಮ ಮಾತು ನಂಬಿ ಸಮುದ್ರ ದಾಟಿ ಹೋಗಿ ಕೂತಿದ್ದಾರೆ, ಅವರ ರಕ್ತ ಮೊನ್ನೆ ಒಂದು, ಇವತ್ತೊಂದು ಆಗುತ್ತಾ ಎಂದು ಕೇಳಿದೆ. "ರಕ್ತ ಬದಲಾಗಿಲ್ಲ ಮೇಡಂ" ಎಂದಳು. ಮತ್ತೇನು ಬದಲಾಯಿತು, ಇನ್ನಾರು ತಿಂಗಳಿಗೆ ಆ ಬಯಲೂ ಹೋಗಿ ಇನ್ನೊಂದು ಬಂದರೆ ಎಂದೆ. ಬರಬಹುದು ಅಂದಳು. ನನಗೆ ಅವಳ ಮೇಲೆ ಸಿಟ್ಟೂ ಬರಲಿಲ್ಲ, ಸಮಾಧಾನವೂ ಆಗಲಿಲ್ಲ.

ಆ ತಲೆಬಿಸಿಯಲ್ಲೇ ಅಂಗಡಿಗೆ ಇಳಿದು ಬಂದೆ. ಹಲ್ಲಿನ ಡಾಕ್ಟರ ಕುರ್ಚಿಯ ಹಳೆಯ ಬಟ್ಟೆಯ ಚೂರು ಮೇಜಿನ ಮೇಲಿತ್ತು, ಅದೇ ಬಣ್ಣದ್ದು ಬೇಕು ಎಂದು ಅವರ ಹಟ. ಹಳೆಯ ಸ್ಯಾಂಪಲ್ ಪುಸ್ತಕದಲ್ಲಿ ಹಿಡಿದು ನೋಡಿದಾಗ ಎಲ್ಲಕ್ಕಿಂತ ಹತ್ತಿರ ಬಂದದ್ದು ಗಿಳಿ ಹಸಿರು, ಅದನ್ನೇ ಬರೆದಿಟ್ಟಿದ್ದೆ. ಅಷ್ಟರಲ್ಲಿ ಬಟ್ಟೆ ಗಿರಣಿಯವರು ಹೊಸ ಪುಸ್ತಕ ಕಳಿಸಿದ್ದರು. ಸುಮ್ಮನೆ ಅದರಲ್ಲೂ ಹಿಡಿದು ನೋಡುತ್ತೇನೆ, ಅಲ್ಲಿ ಪಾಚಿ ಬಣ್ಣದ್ದೊಂದು ಇನ್ನೂ ಸರಿಯಾಗಿ ಹೊಂದುತ್ತಿದೆ. ಚೂರು ಅದೇ ಚೂರು. ಹಳೆಯ ಪುಸ್ತಕದಲ್ಲಿ ಪಾಚಿ ಬಣ್ಣ ಇರಲಿಲ್ಲ, ಅಷ್ಟೇ. ನಾವು ಸುಳ್ಳು ಹೇಳಿದ ಹಾಗೂ ಅಲ್ಲ, ನಿಜ ಹೇಳಿದ ಹಾಗೂ ಅಲ್ಲ. ಆ ಹುಡುಗಿ ಹೇಳಿದ್ದು ಇದನ್ನೇ ಇರಬೇಕು ಅನಿಸಿತು. ಹಾಗಾದರೆ ಅವರು ನಿಮ್ಮನ್ನು ಯಾವ ಊರಿನವರು ಎಂದು ಹೇಳಿಯೇ ಇಲ್ಲ, ತಮ್ಮ ಹತ್ತಿರ ಇರುವ ಚೂರುಗಳಲ್ಲಿ ಯಾವುದಕ್ಕೆ ಹತ್ತಿರ ಎಂದಷ್ಟೇ ಹೇಳಿದ್ದಾರೆ. ಇದು ಅರ್ಥವಾದ ಮೇಲೆ ತಲೆ ತಿಳಿಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಮೂವತ್ತೊಂದು ನಂಬುವಂಥದ್ದಲ್ಲದಿದ್ದರೆ ಮೂರನ್ನೂ ನಂಬಬೇಕಾಗಿಲ್ಲ. ಕಿವಿ ಇದ್ದೇ ಇದೆಯಲ್ಲ? ಆದರೆ ಆ ಕಿವಿಯ ಕತೆ ಕೇಳಿ, ನಿಮ್ಮ ಪತ್ರ ಬಂದಾಗಿನಿಂದ ಬಂದ ಗಿರಾಕಿಗಳ ಕಿವಿಯನ್ನೆಲ್ಲ ನಾನು ಕದ್ದು ನೋಡುತ್ತಿದ್ದೇನೆ. ಹಾಲಿನವನದೂ ಹಾಗೇ ಅಂಟಿಕೊಂಡಿದೆ. ಬ್ಯಾಂಕಿನ ಕ್ಯಾಷಿಯರ್‌ದೂ ಹಾಗೇ. ಹಲ್ಲಿನ ಡಾಕ್ಟರದಂತೂ ಥೇಟ್ ನಿಮ್ಮದೇ.

ಫೋನಿಡುವ ಮೊದಲು ಆ ಹುಡುಗಿ ಇನ್ನೊಂದು ಮಾತು ಹೇಳಿದಳು. ಪಾಲು, ಪ್ರದೇಶ ಇವೆಲ್ಲ ಹಿಂದೆಮುಂದೆ ಆಗುತ್ತವೆ, ಆದರೆ ಹತ್ತಿರದ ರಕ್ತಸಂಬಂಧ ತಪ್ಪುವುದಿಲ್ಲವಂತೆ. ಅತ್ತೆ, ಸೋದರಳಿಯ ಅಂದರೆ ಇಬ್ಬರದೂ ಪಕ್ಕಪಕ್ಕ ಇಟ್ಟರೆ ಹೌದೋ ಅಲ್ಲವೋ ಖಚಿತವಾಗಿ ಗೊತ್ತಾಗುತ್ತದಂತೆ. ಅಂದರೆ ಅವರ ಉಗುಳೊಂದು ಸಿಕ್ಕರೆ ಎಲ್ಲ ಮುಗಿಯುತ್ತದೆ. ಆದರೆ ಮುಗಿಯಬೇಕೇ? ಹೌದು ಎಂದು ಬಂದರೆ ಅದಕ್ಕಿಂತ ಇನ್ನೇನು ಬೇಕು. ಅಲ್ಲ ಎಂದು ಬಂದರೆ ಆ ವಯಸ್ಸಿನಲ್ಲಿ ಅವರು ತಮ್ಮನನ್ನು ಎರಡನೇ ಸಲ ಕಳಕೊಳ್ಳುತ್ತಾರೆ, ನೀವು ಸಿಕ್ಕಿದ ಒಬ್ಬರೇ ಒಬ್ಬರನ್ನು. ಕೇಳದೆ ಇದ್ದರೆ ಈಗಿನ ಹಾಗೇ ಇರುತ್ತದೆ, ಆದರೆ ನಾನು ಅಂಗಡಿ ಖಾಲಿ ಮಾಡಿ, ಮಕ್ಕಳ ಶಾಲೆ ಬಿಡಿಸಿ ಬಂದು ಕೂರಬೇಕಾದದ್ದು ಯಾವುದರ ಮೇಲೆ? ಇದನ್ನು ನಿಮಗೆ ಹೇಳದೆ ನುಂಗಿಕೊಂಡುಬಿಡೋಣ ಎಂದೂ ಯೋಚಿಸಿದೆ. ಹೊಟ್ಟೆಯಲ್ಲಿ ಉಳಿಯಲಿಲ್ಲ. ಬರಲು ಮನಸ್ಸಿಲ್ಲದೆ ಇವಳು ಹೀಗೆ ಬರೆದಳು ಅಂದುಕೊಳ್ಳಬೇಡಿ, ನಿಮಗೆ ಕೈಮುಗಿಯುತ್ತೇನೆ. ನನಗೆ ನಿಜವಾಗಿ ದಿಕ್ಕು ತೋಚುತ್ತಿಲ್ಲ. ಅವರಿಗೆ ಒಂದು ಡಬ್ಬಿ ತರಿಸಿ ಕಳಿಸಲೇ, ಬೇಡವೇ? ಯೋಚನೆ ಮಾಡಿ ಹೇಳಿ, ಅವಸರವಿಲ್ಲ. ಗೋಡೆಯ ಮೇಲಿನ ನಕ್ಷೆಯನ್ನು ನಾನು ತೆಗೆದಿಲ್ಲ.

ಮಕ್ಕಳು ಮುತ್ತು ಕಳಿಸಿದ್ದಾರೆ. ನಮ್ಮಮ್ಮ, "ಅಳಿಯಂದಿರು ಎಲ್ಲಿಯವರಾದರೂ ಸರಿ, ಬಂದು ನನ್ನ ದಿವಾನದ ಕಾಲು ಸರಿಮಾಡಲಿ" ಎಂದು ಹೇಳಲು ಹೇಳಿದ್ದಾಳೆ. ಮಫ್ಲರ್ ಬಿಗಿಯಾಗಿ ಸುತ್ತಿಕೊಳ್ಳಿ. ಆ ಹಿರಿಯಮ್ಮನಿಗೆ ನನ್ನ ನಮಸ್ಕಾರ, ಏನೆಂದು ಕರೆದು ಹೇಳುತ್ತೀರೋ ನೀವೇ ನೋಡಿ.

ಎಂದೆಂದಿಗೂ ನೂರಕ್ಕೆ ನೂರು ನಿಮ್ಮವಳಾದ,
ನಿಮ್ಮ ಮನೆಯವಳು

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಬಂದದ್ದು. ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಂಚೆಯವನು ಬಂದು ಒಂದು ಪೊಟ್ಟಣ ಕೊಟ್ಟು, "ಏನಮ್ಮ ಇದು, ಒದ್ದೆಯಾಗಿದೆ" ಎಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಬಿಚ್ಚಿದರೆ ಹಳೆಯ ಟವೆಲಿನಲ್ಲಿ ಸುತ್ತಿದ ನಿಮ್ಮ ಕೆಮ್ಮಿನ ಔಷಧಿಯ ಸೀಸೆ. ಜೊತೆಗೆ ನಡುಗುವ ಅಕ್ಷರದಲ್ಲಿ ನಾಲ್ಕು ಸಾಲು. "ನೋಡು ತಾಯಿ, ಉಗುಳು ನೋಡಿ ಮೂಲ ಹೇಳ್ತಾರೆ ಅಂತ ಹುಡುಗ ಹೇಳಿದ್ದು ಕೇಳಿ ಇದರಲ್ಲಿ ಉಗಿದಿದ್ದೀನಿ. ಎಲ್ಲಿ ತೋರಿಸ್ಬೇಕೋ ತೋರಿಸು. ಅವನಿಗೆ ಹೇಳ್ಬೇಡ. ಹೌದು ಅಂತ ಬಂದ್ರೆ ಬರಿ. ಅಲ್ಲ ಅಂತ ಬಂದ್ರೆ ಬರಿಬೇಡ, ಮಕ್ಕಳನ್ನ ಕರ್ಕೊಂಡು ಬಂದ್ಬಿಡು."

ರೀ, ನಾನು ಅವರಿಂದ ಬಚ್ಚಿಡಲು ನೋಡಿದ ಭಯವನ್ನೇ ಅವರು ನಿಮ್ಮಿಂದ ಬಚ್ಚಿಟ್ಟು ದಿನಾ ನಿಮಗೆ ಊಟ ಬಡಿಸುತ್ತಿದ್ದಾರೆ. ಸೀಸೆಯ ಮುಚ್ಚಳ ಸಡಿಲವಾಗಿ ಎಲ್ಲ ಸೋರಿದೆ. ಸೋರದಿದ್ದರೂ ಅದು ನಡೆಯುತ್ತಿರಲಿಲ್ಲ, ಸೀಸೆಗೆ ಬಾಯಿ ಹಚ್ಚಿ ಕುಡಿಯುವವರು ನೀವು. ಅದರಲ್ಲಿ ನೀವೂ ಇದ್ದೀರಿ, ಅವರೂ ಇದ್ದಾರೆ. ಯಾವ ಯಂತ್ರವೂ ಬೇರೆ ಮಾಡಿ ಹೇಳಲಾರದು. ನಗುತ್ತಾ ನಗುತ್ತಾ ಅತ್ತುಬಿಟ್ಟೆ, ಅಂಚೆಯವನು ಹೆದರಿ ಹೊರಟುಹೋದ.

ಈ ಪತ್ರ ಗುರುವಾರದ ದೋಣಿಗೆ ಸಿಗುತ್ತದೆ, ಶನಿವಾರದ ದೋಣಿಗೆ ನಾವು ಮೂವರೂ ಬರುತ್ತೇವೆ. ಅಂಗಡಿ ಖಾಲಿ ಮಾಡಿಲ್ಲ, ಬೀಗ ಹಾಕಿ ಬರುತ್ತೇವೆ, ಮುಂದಿನದು ಅಲ್ಲಿ ಕೂತು ಮಾತಾಡೋಣ. ನಾವು ಬಂದಿಳಿದರೆ ಅಲ್ಲ ಎಂದೇ ಬಂತು ಅಂದುಕೊಂಡು ಅವರು ಒಳಗೊಳಗೇ ಕುಸಿಯುತ್ತಾರೆ, ಆದ್ದರಿಂದ ಅಷ್ಟರೊಳಗೆ ನೀವೇ ಅವರ ಪಕ್ಕ ಕೂತು ಮೂರರ ವಿಷಯ ಹೇಳಿ, ಸೀಸೆಯ ವಿಷಯವನ್ನೂ ಹೇಳಿ. ಹೇಳಬೇಡ ಅಂದದ್ದನ್ನು ನಾನು ಹೇಳಿಬಿಟ್ಟೆ, ಬೈದರೆ ಬಂದ ಮೇಲೆ ಬೈಸಿಕೊಳ್ಳುತ್ತೇನೆ. ಅವರ ಚೀಟಿಗೆ ಒಂದು ಸಾಲು ಸೇರಿಸಿದ್ದೇನೆ, ಸೀಸೆ ತಲುಪಿತು, ಸೋರಿಹೋಗಿತ್ತು, ಏನೂ ಗೊತ್ತಾಗಲಿಲ್ಲ, ಬರುತ್ತಿದ್ದೇವೆ ಎಂದು. ಖಾಲಿ ಬಿಟ್ಟಿದ್ದ ಮೇಲಿನ ಸಾಲನ್ನೂ ತುಂಬಿದ್ದೇನೆ. "ಪ್ರೀತಿಯ ಅತ್ತೆಗೆ" ಎಂದು ಬರೆದಿದ್ದೇನೆ, ಓದಿ ಹೇಳಿ.